ಫ್ಲಿಪ್ಡ್ ಕ್ಲಾಸ್‌ರೂಮ್: ಮನೆಯಲ್ಲಿ ವಿಡಿಯೊ ಸರಿ, ತರಗತಿಯ ಸಮಯದಲ್ಲಿ ಏನು ಮಾಡುತ್ತೀರಿ?

ಪಿಯು ಫಿಸಿಕ್ಸ್, ಹಾಸನ

ಎಲ್ಲರಿಗೂ ನಮಸ್ಕಾರ. ಈಚೆಗೆ ಯಾವ ತರಬೇತಿಗೆ ಹೋದರೂ ಫ್ಲಿಪ್ಡ್ ಕ್ಲಾಸ್‌ರೂಮ್ ಮಾತು ಬಂದೇ ಬರುತ್ತದೆ. ಪಾಠವನ್ನು ಮಕ್ಕಳು ಮನೆಯಲ್ಲಿ ವಿಡಿಯೊ ನೋಡಿ ಕಲಿಯಬೇಕು, ಹೋಂವರ್ಕ್ ತರಗತಿಯಲ್ಲಿ ಮಾಡಬೇಕು. ಇಷ್ಟು ಹೇಳಿ ಮುಂದಿನ ಸ್ಲೈಡಿಗೆ ಹೋಗುತ್ತಾರೆ. ಉಳಿದ ಹೊತ್ತೆಲ್ಲ ರೆಕಾರ್ಡ್ ಮಾಡುವುದು ಹೇಗೆ, ಯಾವ ಆ್ಯಪ್ ಒಳ್ಳೆಯದು, ಯಾವ ಮೈಕ್ ಬೇಕು ಎಂಬುದರಲ್ಲೇ ಮುಗಿಯುತ್ತದೆ. ನನಗೆ ಇದು ಸರಿ ಕಾಣುತ್ತಿಲ್ಲ. ಇಡೀ ಪದ್ಧತಿಯಲ್ಲಿ ವಿಡಿಯೊ ಎಲ್ಲಕ್ಕಿಂತ ಸುಲಭದ ಭಾಗ. ಮಕ್ಕಳು ತರಗತಿಗೆ ಬಂದು ಕೂತ ಮೇಲೆ ಏನು ಮಾಡಿಸುತ್ತೇವೆ ಎಂಬುದೇ ಕಷ್ಟ. ಕಲಿಕೆ ಆಗುವುದೂ ಅಲ್ಲೇ.

ಇದು ಶುರುವಾದ ಬಗೆ ನೋಡಿ. ಅಮೆರಿಕದ ಕೊಲರಾಡೊದಲ್ಲಿ ವುಡ್‌ಲ್ಯಾಂಡ್ ಪಾರ್ಕ್ ಎಂಬ ಬೆಟ್ಟದ ಊರಿನ ಹೈಸ್ಕೂಲು. ಅಲ್ಲಿ ಜೋನಥನ್ ಬರ್ಗ್‌ಮನ್ ಮತ್ತು ಆರನ್ ಸ್ಯಾಮ್ಸ್ ಕೆಮಿಸ್ಟ್ರಿ ಮೇಷ್ಟ್ರುಗಳು. ಆಟದ ಪಂದ್ಯಗಳಿಗೆ ದೂರದೂರಿಗೆ ಹೋಗುವ ಮಕ್ಕಳಿಗೆ ಪಾಠ ತಪ್ಪುತ್ತಿತ್ತು. ಅಂಥವರಿಗಾಗಿ 2007ರಲ್ಲಿ ಪಾಠ ರೆಕಾರ್ಡ್ ಮಾಡತೊಡಗಿದರು. ಆಮೇಲೆ ಅವರಿಗೆ ಹೊಳೆದದ್ದು ಬೇರೆ. ವಿವರಣೆ ಕೇಳುವಾಗ ಮಕ್ಕಳಿಗೆ ಮೇಷ್ಟ್ರು ಪಕ್ಕದಲ್ಲೇ ಇರಬೇಕಾಗಿಲ್ಲ. ಲೆಕ್ಕದ ನಡುವೆ ಸಿಕ್ಕಿಹಾಕಿಕೊಂಡಾಗ ಇರಬೇಕು. ನಮ್ಮಲ್ಲಿ ಆಗುವುದು ಇದಕ್ಕೆ ಪೂರ್ತಿ ಉಲ್ಟಾ. ಸುಲಭದ ಭಾಗಕ್ಕೆ ನಾವು ಎದುರಲ್ಲಿ ನಿಂತಿರುತ್ತೇವೆ, ಕಷ್ಟದ ಭಾಗಕ್ಕೆ ಮಗು ರಾತ್ರಿ ಒಬ್ಬಂಟಿಯಾಗಿ ಕೂರುತ್ತದೆ.

ಅವರಿಗಿಂತ ಮೊದಲೇ ಹಾರ್ವರ್ಡ್‌ನಲ್ಲಿ ಎರಿಕ್ ಮಜೂರ್ ಇಂಥದ್ದನ್ನು ಮಾಡಿದ್ದರು. 1991ರಲ್ಲಿ ಶುರು. ಅಲ್ಲಿ ವಿಡಿಯೊ ಇರಲೇ ಇಲ್ಲ. ಓದಿಕೊಂಡು ಬನ್ನಿ ಎನ್ನುತ್ತಿದ್ದರು. ತರಗತಿಯಲ್ಲಿ ಒಂದು ಪ್ರಶ್ನೆ, ನಾಲ್ಕು ಉತ್ತರ. ಮೊದಲು ಪ್ರತಿಯೊಬ್ಬರೂ ತಾವೇ ಯೋಚಿಸಿ ಒಂದನ್ನು ಆರಿಸಬೇಕು. ಸರಿ ಹೇಳಿದವರು ಸುಮಾರು ಶೇ. 30ರಿಂದ 70ರ ನಡುವೆ ಇದ್ದರೆ ಪಕ್ಕದವರ ಜೊತೆ ವಾದ ಮಾಡಬೇಕು. ಆಮೇಲೆ ಮತ್ತೆ ಕೈ ಎತ್ತಬೇಕು. ಶೇ. 70 ದಾಟಿದ್ದರೆ ಚುಟುಕಾಗಿ ವಿವರಿಸಿ ಮುಂದಕ್ಕೆ. 30ಕ್ಕಿಂತ ಕಡಿಮೆ ಇದ್ದರೆ ಮೇಷ್ಟ್ರೇ ಮತ್ತೆ ಹೇಳಿಕೊಡಬೇಕು, ಏಕೆಂದರೆ ವಾದ ಮಾಡಲು ಯಾರ ಕೈಯಲ್ಲೂ ಸರಕು ಇರುವುದಿಲ್ಲ.

ನಾನು ಇದನ್ನು ಪ್ರಥಮ ಪಿಯುನಲ್ಲಿ ಮಾಡುತ್ತೇನೆ. ವಿಡಿಯೊ ಕಡ್ಡಾಯ ಇಲ್ಲ. ಪುಸ್ತಕದ ಎರಡು ಪುಟ ಓದಿ ಬರಬೇಕು, ಒಂದು ಚೀಟಿಯಲ್ಲಿ ಎರಡು ಸಣ್ಣ ಪ್ರಶ್ನೆಗೆ ಉತ್ತರ ಬರೆಯಬೇಕು. ಮೂರನೆಯದು ಯಾವಾಗಲೂ ಒಂದೇ: ‘ಎಲ್ಲಿ ಅರ್ಥ ಆಗಲಿಲ್ಲ?’ ಮೊದಲ ಪೀರಿಯಡ್‌ಗೆ ಮುಂಚೆ ಚೀಟಿಗಳನ್ನು ಒಮ್ಮೆ ತಿರುವಿ ಹಾಕಿದರೆ ಆ ದಿನ ಏನು ಮಾಡಬೇಕು ಎಂಬುದು ನನಗೆ ಗೊತ್ತಾಗುತ್ತದೆ.

ನೀವು ಹೇಗೆ ಮಾಡುತ್ತಿದ್ದೀರಿ? ಯಾವುದು ನಡೆಯಿತು, ಯಾವುದು ನಡೆಯಲಿಲ್ಲ? ಬರೆಯಿರಿ.

ಗಣಿತ ಮೇಡಂ, ಕೊಪ್ಪಳ

ಸರ್, ‘ವಿಡಿಯೊ ಕಡ್ಡಾಯ ಇಲ್ಲ’ ಎಂದಿರಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮದು ಸರ್ಕಾರಿ ಹೈಸ್ಕೂಲು. ಮನೆಯಲ್ಲಿ ಫೋನು ಇದೆ. ಆದರೆ ಅದು ಅಪ್ಪನ ಜೇಬಿನಲ್ಲಿ ಇದೆ. ಅವರು ಬೆಳಿಗ್ಗೆ ಕೆಲಸಕ್ಕೆ ಹೋದರೆ ಬರುವುದು ರಾತ್ರಿ. ಬಂದ ಮೇಲೆ ಫೋನು ಮೊದಲು ಅಣ್ಣನ ಕೈಗೆ. ಹುಡುಗಿಯ ಸರದಿ ಬರುವ ಹೊತ್ತಿಗೆ ಡೇಟಾ ಖಾಲಿ, ಇಲ್ಲವೇ ನಿದ್ದೆ.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ಅಸರ್ ಎಂಬ ಶಿಕ್ಷಣ ಸಮೀಕ್ಷೆಯ 2023ರ ವರದಿಯಲ್ಲಿ ಹಳ್ಳಿಗಾಡಿನ 14ರಿಂದ 18 ವಯಸ್ಸಿನವರ ಲೆಕ್ಕ ಇದೆ. ಸ್ಮಾರ್ಟ್‌ಫೋನ್ ಬಳಸಲು ಬರುವವರಲ್ಲಿ ಸ್ವಂತ ಫೋನ್ ಇದ್ದದ್ದು ಹುಡುಗರಲ್ಲಿ ಶೇ. 43.7, ಹುಡುಗಿಯರಲ್ಲಿ ಶೇ. 19.8. ಎರಡು ಪಟ್ಟಿಗಿಂತ ಜಾಸ್ತಿ ಅಂತರ! ‘ಮನೆಯಲ್ಲಿ ವಿಡಿಯೊ ನೋಡಿ ಬನ್ನಿ’ ಎಂದು ನಾವು ಹೇಳಿದ ಕೂಡಲೇ ತರಗತಿ ಎರಡು ಪಾಲಾಗುತ್ತದೆ. ಕೆಳಗೆ ಉಳಿಯುವ ಪಾಲಿನಲ್ಲಿ ಹುಡುಗಿಯರೇ ಜಾಸ್ತಿ ಇರುತ್ತಾರೆ.

ಅದಕ್ಕೆ ನಾನು ಫ್ಲಿಪ್ ಅನ್ನು ತರಗತಿಯ ಒಳಗೇ ಮಾಡುತ್ತೇನೆ. ಅರ್ಧ ತರಗತಿ ಹಿಂದೆ ಕೂತು ವಿವರಣೆ ಓದುತ್ತದೆ. ಸ್ಮಾರ್ಟ್ ಬೋರ್ಡ್ ನಡೆಯುತ್ತಿದ್ದರೆ ವಿಡಿಯೊ ನೋಡುತ್ತದೆ. ಇನ್ನರ್ಧ ಮುಂದೆ ನನ್ನ ಜೊತೆ ಲೆಕ್ಕ ಮಾಡುತ್ತದೆ. ಅರ್ಧ ಪೀರಿಯಡ್ ಆದ ಮೇಲೆ ಅದಲು ಬದಲು. ಇಡೀ ತರಗತಿ ಒಟ್ಟಿಗೆ ಇದ್ದಾಗ ನನಗೆ ಕಾಣದ ಮುಖಗಳು ಈ ಅರ್ಧದಲ್ಲಿ ಕಾಣುತ್ತವೆ.

ಒಂದು ಉದಾಹರಣೆ. ಹತ್ತನೇ ತರಗತಿಯ ಸಮಾಂತರ ಶ್ರೇಢಿ, ಅಂದರೆ ಒಂದೇ ಅಂತರದಲ್ಲಿ ಸಾಗುವ ಸಂಖ್ಯೆಗಳ ಸಾಲು. ಸೂತ್ರ ಎಲ್ಲರಿಗೂ ಬಾಯಿಪಾಠ. ‘200ರಿಂದ 300ರ ಒಳಗೆ 7ರಿಂದ ಭಾಗವಾಗುವ ಸಂಖ್ಯೆ ಎಷ್ಟು?’ ಎಂದು ಕೇಳಿದೆ. ಮೊದಲನೆಯದು 203, ಕೊನೆಯದು 294. ಬಹಳ ಜನ 294ರಲ್ಲಿ 203 ಕಳೆದು 7ರಿಂದ ಭಾಗಿಸಿ 13 ಎಂದರು. ಸರಿ ಉತ್ತರ 14. ನಾನು ಏನನ್ನೂ ಹೇಳಲಿಲ್ಲ. ಶಾಲೆಯ ತಂತಿಬೇಲಿ ಹತ್ತಿರ ಕರೆದುಕೊಂಡು ಹೋಗಿ ಒಂದು ಮೂಲೆಯಿಂದ ಇನ್ನೊಂದು ಮೂಲೆವರೆಗೆ ಕಂಬ ಎಣಿಸಿ ಎಂದೆ. ಆಮೇಲೆ ಕಂಬಗಳ ನಡುವಿನ ಸಂದು ಎಣಿಸಿ ಎಂದೆ. ಕಂಬ ಒಂದು ಜಾಸ್ತಿ ಬಂತು. ‘ಮೇಡಂ, ನಾವು ಸಂದು ಎಣಿಸಿಬಿಟ್ಟಿದ್ದೇವೆ’ ಎಂದು ಒಬ್ಬಳು ಕೂಗಿದಳು. ಸೂತ್ರದಲ್ಲಿ n ಬದಲು n − 1 ಯಾಕೆ ಬರುತ್ತದೆ ಎಂಬುದನ್ನು ಆ ಮಕ್ಕಳಿಗೆ ಮತ್ತೆ ಹೇಳಬೇಕಾಗಿ ಬರಲಿಲ್ಲ. ಬೋರ್ಡ್ ಮೇಲೆ ವಿವರಣೆ ಬರೆಯುತ್ತಾ ನಿಂತಿದ್ದರೆ ಬೇಲಿ ಹತ್ತಿರ ಹೋಗಲು ಸಮಯ ಎಲ್ಲಿಂದ ಬರುತ್ತಿತ್ತು?

ಎಂಜಿನಿಯರಿಂಗ್ ಕಾಲೇಜು, ಬೆಳಗಾವಿ

ಕಂಬದ ಉದಾಹರಣೆ ಬಹಳ ಚೆನ್ನಾಗಿದೆ ಮೇಡಂ. ಪ್ರೋಗ್ರಾಮಿಂಗ್ ಕಲಿಸುವಾಗ ನಮಗೂ ಇದೇ ತಪ್ಪು ಎದುರಾಗುತ್ತದೆ. ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಕೋಡ್) ಎಷ್ಟು ಸಲ ಓಡುತ್ತದೆ ಎಂದರೆ ಒಂದು ಹೆಚ್ಚು, ಇಲ್ಲವೇ ಒಂದು ಕಡಿಮೆ ಹೇಳುತ್ತಾರೆ. ನಾನು ಕೋಡ್ ತೋರಿಸಿ, ‘ಔಟ್‌ಪುಟ್ ಏನು ಬರುತ್ತದೆ, ಕಾಗದದ ಮೇಲೆ ಬರೆಯಿರಿ’ ಎನ್ನುತ್ತೇನೆ. ಬರೆದ ಮೇಲೆಯೇ ರನ್ ಮಾಡುವುದು. ಬರೆಯದೆ ರನ್ ಮಾಡಿದರೆ ‘ನಾನೂ ಹಾಗೇ ಅಂದುಕೊಂಡಿದ್ದೆ’ ಎಂದು ಮನಸ್ಸು ಸುಮ್ನೆ ಒಪ್ಪಿಬಿಡುತ್ತದೆ.

ವಿಡಿಯೊ ಬಗ್ಗೆ ಒಂದು ಮಾತು. ಎನ್‌ಪಿಟಿಇಎಲ್ 2003ರಿಂದ ಇದೆ. ಐಐಟಿ, ಐಐಎಸ್‌ಸಿ ಪ್ರಾಧ್ಯಾಪಕರ ಪಾಠಗಳು ಅದರಲ್ಲಿ ಉಚಿತವಾಗಿ ಸಿಗುತ್ತವೆ. ಆದರೆ ಹಳೆಯ ಪಾಠಗಳು ಹೆಚ್ಚುಕಡಿಮೆ ಒಂದು ಗಂಟೆಯವು. ನಮ್ಮ ಹುಡುಗರು ಅಷ್ಟು ಹೊತ್ತು ಕೂರುವುದಿಲ್ಲ. ಇದನ್ನು ಅವರ ಸೋಮಾರಿತನ ಎನ್ನಬಾರದು. 2014ರಲ್ಲಿ ಫಿಲಿಪ್ ಗುವೊ ಮತ್ತು ಸಂಗಡಿಗರು ಎಡ್‌ಎಕ್ಸ್ ಎಂಬ ಆನ್‌ಲೈನ್ ತಾಣದ ಕೋರ್ಸುಗಳ 69 ಲಕ್ಷ ವೀಕ್ಷಣೆಗಳನ್ನು ಜಾಲಾಡಿದರು. ವಿಡಿಯೊ ಎಷ್ಟೇ ಉದ್ದ ಇರಲಿ, ಜನ ನೋಡುವುದು ಹೆಚ್ಚೆಂದರೆ ಸುಮಾರು 6 ನಿಮಿಷ. ಅದಕ್ಕೆ ನಾನು ಎನ್‌ಪಿಟಿಇಎಲ್ ಲಿಂಕ್ ಕೊಡುವಾಗ ಎಲ್ಲಿಂದ ಎಲ್ಲಿವರೆಗೆ ನೋಡಬೇಕು ಎಂದು ನಿಮಿಷ, ಸೆಕೆಂಡ್ ಹಾಕಿಯೇ ಕೊಡುತ್ತೇನೆ.

ಈಗ ನೋವಿನ ಮಾತು. ಎನ್‌ಬಿಎ, ನ್ಯಾಕ್ ಎಂಬ ಮಾನ್ಯತಾ ಸಂಸ್ಥೆಗಳಿಗೆ ಕೊಡುವ ಕಡತಗಳಲ್ಲಿ ಹೊಸ ಬೋಧನಾ ವಿಧಾನಗಳ ಬಗ್ಗೆ ಬರೆಯಬೇಕು. ಅಲ್ಲಿ ‘ಫ್ಲಿಪ್ಡ್ ಕ್ಲಾಸ್‌ರೂಮ್’ ಎಂಬ ಎರಡು ಪದ ಬಲು ಸಲೀಸಾಗಿ ಕೂರುತ್ತವೆ. ನಾನು ಹಿಂದೆ ಕೆಲಸ ಮಾಡಿದ ಒಂದು ಕಾಲೇಜಿನಲ್ಲಿ ಸೆಮಿಸ್ಟರಿಗೆ ಒಂದು ದಿನ ಗುಂಪಾಗಿ ಕೂರಿಸಿ ಫೋಟೊ ತೆಗೆದರೆ ಮುಗಿಯಿತು. ಮರುದಿನ ಮತ್ತೆ ಪಿಪಿಟಿ. ಹುಡುಗರಿಗೆ ಎಲ್ಲ ಅರ್ಥ ಆಗುತ್ತದೆ. ನಿಜವಾಗಿ ಮಾಡಲು ಹೊರಟ ಮೇಷ್ಟ್ರನ್ನೂ ಆಮೇಲೆ ಅವರು ನಂಬುವುದಿಲ್ಲ. ಒಂದು ಒಳ್ಳೆಯ ಪದ್ಧತಿ ಹೀಗೆ ಹೆಸರು ಕೆಡಿಸಿಕೊಳ್ಳುವುದು ನೋಡಿದರೆ ಸಂಕಟ ಆಗುತ್ತದೆ.

ಪೋಷಕಿ, ಮೈಸೂರು

ನಾನು ಶಿಕ್ಷಕಿ ಅಲ್ಲ, ಒಂಬತ್ತನೇ ತರಗತಿ ಹುಡುಗನ ತಾಯಿ. ನೇರವಾಗಿ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಮಗ ಮನೆಗೆ ಬರುವುದೇ ಸಂಜೆ. ಆಮೇಲೆ ಟ್ಯೂಷನ್. ಅದರ ಮೇಲೆ ಈಗ ನಾಲ್ಕು ವಿಷಯದವರು ವಿಡಿಯೊ ನೋಡಿ ಬಾ ಎನ್ನುತ್ತಾರೆ. ಹೋಂವರ್ಕ್ ಏನೂ ಕಡಿಮೆ ಆಗಿಲ್ಲ. ಪಾಠವನ್ನೂ ಮನೆಯಲ್ಲಿ ಕಲಿತು, ಲೆಕ್ಕವನ್ನೂ ಮನೆಯಲ್ಲಿ ಮಾಡುವುದಾದರೆ ಶಾಲೆಯಲ್ಲಿ ಏನು ನಡೆಯುತ್ತದೆ? ಇನ್ನೊಂದು, ಪಾಠದ ವಿಡಿಯೊ ಮುಗಿದ ಕೂಡಲೇ ಪಕ್ಕದಲ್ಲಿ ಕ್ರಿಕೆಟ್ ವಿಡಿಯೊ ಕಾಯುತ್ತಿರುತ್ತದೆ. ನಾನು ಅಡುಗೆಮನೆಯಿಂದ ಎಷ್ಟು ಅಂತ ಕಾಯಲಿ?

ಪಿಯು ಫಿಸಿಕ್ಸ್, ಹಾಸನ

ಮೇಡಂ, ಬೇಸರ ಯಾಕೆ? ಇಲ್ಲಿ ಎಲ್ಲರೂ ಕೇಳಬೇಕಾದ ಪ್ರಶ್ನೆ ಇದು. ನಿಮ್ಮ ಮಗನ ಶಾಲೆಯಲ್ಲಿ ನಡೆಯುತ್ತಿರುವುದು ಫ್ಲಿಪ್ ಅಲ್ಲ. ಹಳೆಯ ಹೊರೆಯ ಮೇಲೆ ಇನ್ನೊಂದು ಹೊರೆ. ಫ್ಲಿಪ್ ಎಂದರೆ ಮನೆಗೆ ಒಂದು ಹೋದರೆ ಮನೆಯಿಂದ ಇನ್ನೊಂದು ಬರಲೇಬೇಕು. ನಾನು ಎರಡು ಪುಟ ಓದಲು ಹೇಳಿದ ದಿನ ಬೇರೆ ಯಾವ ಹೋಂವರ್ಕನ್ನೂ ಕೊಡುವುದಿಲ್ಲ. ಲೆಕ್ಕಗಳೆಲ್ಲ ತರಗತಿಯಲ್ಲೇ, ನನ್ನ ಕಣ್ಣೆದುರೇ. ಶಿಕ್ಷಕರ ಸಭೆಯಲ್ಲಿ ನೀವು ಇದನ್ನು ಕೇಳಿ: ‘ವಿಡಿಯೊ ಕೊಟ್ಟ ದಿನ ಯಾವ ಹೋಂವರ್ಕ್ ತೆಗೆದುಹಾಕಿದ್ದೀರಿ?’ ಹಾಗೆಯೇ ಒಂದೇ ದಿನ ಎಲ್ಲ ವಿಷಯದವರೂ ಮಾಡಬಾರದು. ಯಾವ ದಿನ ಯಾರದ್ದು ಎಂದು ಸ್ಟಾಫ್ ರೂಮಿನಲ್ಲೇ ಹಂಚಿಕೊಳ್ಳಬೇಕು.

ಕ್ರಿಕೆಟ್ ವಿಡಿಯೊ ವಿಷಯದಲ್ಲಿ ನಿಮ್ಮ ಅನುಭವವೇ ದೇಶದ ಅನುಭವ. ಅಸರ್ 2024ರಲ್ಲಿ ಹಳ್ಳಿಗಳ 14ರಿಂದ 16 ವಯಸ್ಸಿನ ಮಕ್ಕಳನ್ನು ಕೇಳಿದ್ದಾರೆ. ಫೋನ್ ಬಳಸಲು ಬರುವವರಲ್ಲಿ ಹಿಂದಿನ ವಾರ ಓದಿಗೆ ಸಂಬಂಧಿಸಿ ಬಳಸಿದವರು ಶೇ. 57, ಸೋಶಿಯಲ್ ಮೀಡಿಯಾಗೆ ಬಳಸಿದವರು ಶೇ. 76. ನಾನು ಪುಸ್ತಕದ ಪುಟಕ್ಕೆ ಅಂಟಿಕೊಂಡಿರುವುದಕ್ಕೆ ಇದೂ ಒಂದು ಕಾರಣ. ಪುಟದ ಪಕ್ಕದಲ್ಲಿ ಬೇರೆ ಏನೂ ಕಾಯುತ್ತಿರುವುದಿಲ್ಲ.

ಬಿಇ ಎರಡನೇ ವರ್ಷ

ವಿದ್ಯಾರ್ಥಿಯಾಗಿ ಹೇಳುತ್ತೇನೆ. ನಮಗೆ ಒಂದು ಸಬ್ಜೆಕ್ಟ್ ಹೀಗೆ ನಡೆಯುತ್ತದೆ. ಮೊದಲ ತಿಂಗಳು ಸಿಟ್ಟು ಬರುತ್ತಿತ್ತು. ಸರ್ ಪಾಠವೇ ಮಾಡುವುದಿಲ್ಲ, ನಾವೇ ಎಲ್ಲ ಮಾಡಬೇಕು ಎಂದು ಕ್ಲಾಸಿನವರೆಲ್ಲ ಮಾತಾಡಿಕೊಳ್ಳುತ್ತಿದ್ದೆವು. ಚೆನ್ನಾಗಿ ಪಾಠ ಮಾಡುವವರ ಕ್ಲಾಸಿನಲ್ಲಿ ಕೂತರೆ ಎಲ್ಲ ಅರ್ಥ ಆದ ಹಾಗೆ ಇರುತ್ತದೆ. ಇಲ್ಲಿ ಗಂಟೆ ಮುಗಿದಾಗ ತಲೆ ಗೊಂದಲ. ಇಂಟರ್ನಲ್ಸ್‌ಗೆ ಓದಲು ಕೂತಾಗ ಮಾತ್ರ ಈ ಸಬ್ಜೆಕ್ಟಿಗೆ ಅಷ್ಟು ಓದಬೇಕಾಗಲಿಲ್ಲ. ಹೀಗೆ ಯಾಕೆ ಅನಿಸುತ್ತದೆ?

ಎಂಜಿನಿಯರಿಂಗ್ ಕಾಲೇಜು, ಬೆಳಗಾವಿ

ಒಳ್ಳೆಯ ಪ್ರಶ್ನೆ ಕೇಳಿದಿಯಮ್ಮ. 2019ರಲ್ಲಿ ಹಾರ್ವರ್ಡ್‌ನ ಲೂಯಿ ಡೆಲೋರಿಯೆ ಮತ್ತು ಸಂಗಡಿಗರು ಇದನ್ನೇ ಅಳೆದರು. ಭೌತಶಾಸ್ತ್ರದ ಒಂದೇ ವಿಷಯ. ಒಂದು ಗುಂಪಿಗೆ ಸೊಗಸಾದ ಉಪನ್ಯಾಸ, ಇನ್ನೊಂದಕ್ಕೆ ತಾವೇ ಬಿಡಿಸುವ ಕೆಲಸ. ಎಷ್ಟು ಕಲಿತಿರಿ ಎಂದು ಕೇಳಿದರೆ ಉಪನ್ಯಾಸದವರು ಜಾಸ್ತಿ ಎಂದರು. ಟೆಸ್ಟ್ ಕೊಟ್ಟರೆ ಜಾಸ್ತಿ ಅಂಕ ತೆಗೆದವರು ತಾವೇ ಬಿಡಿಸಿದವರು. ನಯವಾಗಿ ಹರಿಯುವ ಪಾಠ ಕೇಳಿದಾಗ ಆ ನಯವನ್ನು ನಾವು ನಮ್ಮದೇ ತಿಳಿವಳಿಕೆ ಎಂದುಕೊಂಡುಬಿಡುತ್ತೇವೆ. ನಾನು ಈಗ ಸೆಮಿಸ್ಟರಿನ ಮೊದಲ ದಿನವೇ ಹುಡುಗರಿಗೆ ಈ ವಿಷಯ ಹೇಳುತ್ತೇನೆ. ಮುಂದೆ ಗೊಂದಲ ಆಗುತ್ತದೆ, ಆಗಬೇಕು, ಆದಾಗ ಕೈ ಎತ್ತಿ ಎನ್ನುತ್ತೇನೆ. ಮೊದಲೇ ಹೇಳಿದರೆ ಸಿಟ್ಟು ಎಷ್ಟೋ ಕಡಿಮೆ.

ಅಂಕಿಗಳು ಬೇಕೆನ್ನುವವರಿಗೆ ಇನ್ನೊಂದು. 2011ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಇದೇ ಡೆಲೋರಿಯೆ, ನೊಬೆಲ್ ಪಡೆದ ಕಾರ್ಲ್ ವೀಮನ್ ಜೊತೆ ಸೇರಿ ಒಂದು ಪ್ರಯೋಗ ಮಾಡಿದರು. ಎರಡು ದೊಡ್ಡ ತರಗತಿ. ಒಂದರಲ್ಲಿ ಒಳ್ಳೆಯ ಹೆಸರಿದ್ದ ಅನುಭವಿ ಪ್ರಾಧ್ಯಾಪಕರ ಉಪನ್ಯಾಸ. ಇನ್ನೊಂದರಲ್ಲಿ ಪಾಠದ ಅನುಭವ ಹೆಚ್ಚಿಲ್ಲದವರು, ಆದರೆ ಓದಿ ಬಂದು ಪ್ರಶ್ನೆ ಚರ್ಚಿಸುವ ಪದ್ಧತಿ. ವಾರದ ಕೊನೆಯ ಪರೀಕ್ಷೆಯಲ್ಲಿ ಸರಾಸರಿ ಶೇ. 41 ಮತ್ತು ಶೇ. 74.

ಗಣಿತ ಮೇಡಂ, ಕೊಪ್ಪಳ

ಸರ್, ಅದು ಒಂದೇ ವಾರದ ಪ್ರಯೋಗ ಅಲ್ವಾ? ಹೊಸದು ಎಂಬ ಹುಮ್ಮಸ್ಸಿಗೇ ಒಂದು ವಾರ ಚೆನ್ನಾಗಿ ನಡೆಯಬಹುದು. ವರ್ಷವಿಡೀ ನಡೆಸಿದರೆ ಏನಾಗುತ್ತದೆ? ಯಾರಿಗೆ ಲಾಭ ಆಗುತ್ತದೆ?

ಎಂಜಿನಿಯರಿಂಗ್ ಕಾಲೇಜು, ಬೆಳಗಾವಿ

ಹೌದು, ಒಂದೇ ವಾರ. ನೀವು ಕೇಳಿದ ಎರಡನೇ ಪ್ರಶ್ನೆಗೆ ಅಮೆರಿಕದ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯ ಅಧ್ಯಯನ ನೋಡಬೇಕು. ಅದನ್ನು ಓದಿ ನಾನು ಬಹಳ ಯೋಚನೆ ಮಾಡಿದ್ದೇನೆ. ಗಣಿತ ಮತ್ತು ಅರ್ಥಶಾಸ್ತ್ರದ ತರಗತಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಬಗೆಯಾಗಿ ಹಂಚಿದರು. ಗಣಿತದಲ್ಲಿ ಫ್ಲಿಪ್‌ನಿಂದ ಸ್ವಲ್ಪ ದಿನದ ಲಾಭ ಕಂಡಿತು, ಅರ್ಥಶಾಸ್ತ್ರದಲ್ಲಿ ಇಲ್ಲ. ಗಣಿತದ ಆ ಲಾಭವೂ ಕೊನೆಯವರೆಗೆ ಉಳಿಯಲಿಲ್ಲ. ಎಲ್ಲಕ್ಕಿಂತ ಮುಖ್ಯ, ಲಾಭ ಆದದ್ದು ಹೆಚ್ಚಾಗಿ ಮೊದಲೇ ಮುಂದಿದ್ದವರಿಗೆ, ಬಿಳಿಯರಿಗೆ, ಗಂಡುಮಕ್ಕಳಿಗೆ. ಹಿಂದುಳಿದವರ ಜೊತೆಗಿನ ಅಂತರ ದೊಡ್ಡದಾಯಿತು, ಅದು ಮಾತ್ರ ಹಾಗೇ ಉಳಿಯಿತು. ಅಲ್ಲಿ ಎಲ್ಲರಿಗೂ ಊಟ, ವಸತಿ, ಕಂಪ್ಯೂಟರ್ ಒಂದೇ ಥರ. ಆದರೂ ಹೀಗಾಯಿತು. ನಮ್ಮಲ್ಲಿ ಎಷ್ಟು ಎಚ್ಚರ ಬೇಕು ಎಂದು ನೀವೇ ಹೇಳಿ.

ನಿವೃತ್ತ ಶಿಕ್ಷಕ, ಎಚ್.ಡಿ. ಕೋಟೆ

ಮಕ್ಕಳೇ, ಇದನ್ನೆಲ್ಲ ಓದುತ್ತಾ ನನಗೆ ನಮ್ಮ ತಾಲ್ಲೂಕಿನ ನಲಿ-ಕಲಿ, ಆ ಚಟುವಟಿಕೆಯ ಕಲಿಕಾ ಪದ್ಧತಿ, ಕಣ್ಣಿಗೆ ಕಟ್ಟಿತು. 1995ರಲ್ಲಿ ಇಲ್ಲೇ ಶುರುವಾದದ್ದು. ನಮ್ಮ ಕಡೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದರು. ಯುನಿಸೆಫ್ ನೆರವಿತ್ತು. ಪಾಠದ ಕಾರ್ಡುಗಳನ್ನು ಶಿಕ್ಷಕರೇ ಕೂತು ಬರೆದರು. ಗೋಡೆ ಮೇಲೆ ಕಲಿಕಾ ಏಣಿ. ಮಗು ತನ್ನ ಮೆಟ್ಟಿಲು ನೋಡಿ, ತನ್ನ ಕಾರ್ಡು ತಾನೇ ತೆಗೆದುಕೊಂಡು, ತನ್ನ ತಟ್ಟೆಯಲ್ಲಿ, ಅಂದರೆ ತನ್ನ ಗುಂಪಿನಲ್ಲಿ, ಹೋಗಿ ಕೂರುತ್ತಿತ್ತು. ಒಂದು ತಟ್ಟೆಯಲ್ಲಿ ಮೇಷ್ಟ್ರ ಪೂರ್ತಿ ಸಹಾಯ, ಇನ್ನೊಂದರಲ್ಲಿ ಗೆಳೆಯರ ಸಹಾಯ, ಮತ್ತೊಂದರಲ್ಲಿ ತಾನೇ. ಬೋರ್ಡು ಕೂಡ ಮಗುವಿನ ಕೈಗೆ ಎಟಕುವ ಎತ್ತರದಲ್ಲಿ. ಎಲ್ಲರಿಗೂ ಒಂದೇ ಪಾಠ, ಒಂದೇ ವೇಗ ಎನ್ನುವುದು ಅಲ್ಲಿ ಇರಲಿಲ್ಲ. ಮೇಷ್ಟ್ರು ನೆಲದ ಮೇಲೆ ಮಕ್ಕಳ ಜೊತೆ ಕೂರುತ್ತಿದ್ದರು.

ಅದರಲ್ಲಿ ವಿಡಿಯೊ ಇತ್ತೇ? ಮನೆಪಾಠ ಇತ್ತೇ? ಇಲ್ಲ. ಆದರೂ ಮೇಷ್ಟ್ರಿಗೆ ಮಗುವಿನ ಪಕ್ಕ ಕೂರುವ ಸಮಯ ಸಿಗುತ್ತಿತ್ತು. ನೀವು ಈಗ ಹುಡುಕುತ್ತಿರುವುದೂ ಅದನ್ನೇ ತಾನೇ?

ಇನ್ನೊಂದು ಮಾತೂ ಹೇಳಬೇಕು. ಇದು ಮುಂದೆ ರಾಜ್ಯದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೂ ಹೋಯಿತು. ಕಾರ್ಡು ಮೇಲಿಂದ ಅಚ್ಚಾಗಿ ಬಂತು. ತಾನು ಬರೆದ ಕಾರ್ಡನ್ನು ಹಿಡಿದ ಶಿಕ್ಷಕನಿಗೂ, ಬಂಡಲ್ ಬಿಚ್ಚಿ ಕಾರ್ಡು ಹಂಚುವ ಶಿಕ್ಷಕನಿಗೂ ವ್ಯತ್ಯಾಸ ಇದೆ. ಹಾಸನದ ಮೇಷ್ಟ್ರೇ, ಪ್ರಶ್ನೆಗಳನ್ನು ನೀವೇ ಮಾಡಿ. ಬೇರೆಯವರದ್ದು ತಂದರೂ ನಿಮ್ಮ ಮಕ್ಕಳಿಗೆ ತಕ್ಕ ಹಾಗೆ ತಿದ್ದಿಕೊಳ್ಳಿ.

ಹೈಸ್ಕೂಲ್ ವಿಜ್ಞಾನ, ಚಿತ್ರದುರ್ಗ

ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು ನಿಜ. ಕೊರೊನಾ ಕಾಲದ ವಿದ್ಯಾಗಮವೂ ಹೀಗೇ ಇತ್ತು. 2020ರ ಆಗಸ್ಟ್‌ನಲ್ಲಿ ನಾವೇ ಮಕ್ಕಳಿದ್ದಲ್ಲಿಗೆ ಹೋದೆವು. ಗುಡಿಯ ಜಗಲಿ, ಅರಳಿಕಟ್ಟೆ. ಚಂದನದಲ್ಲಿ ಬರುವ ಪಾಠ ನೋಡಿದವರಿಗೆ ಅದರ ಮೇಲೆ ಪ್ರಶ್ನೆ, ನೋಡದವರಿಗೆ ಅಲ್ಲೇ ಪಾಠ. ಅಕ್ಟೋಬರ್‌ನಲ್ಲಿ ನಿಂತುಹೋಯಿತು. ನಿಲ್ಲಿಸಿದ್ದು ಸರಿಯೇ, ಜೀವದ ಪ್ರಶ್ನೆ. ಆದರೆ ಸಣ್ಣ ಗುಂಪಿನಲ್ಲಿ ಕೂತಾಗ ಮಾತಾಡಿದ ಮಕ್ಕಳು ಶಾಲೆ ತೆರೆದು ದೊಡ್ಡ ಕೋಣೆಗೆ ಬಂದ ಮೇಲೆ ಮತ್ತೆ ಮೌನವಾದದ್ದು ನನ್ನನ್ನು ಈಗಲೂ ಕಾಡುತ್ತದೆ.

ಕನ್ನಡ ಉಪನ್ಯಾಸಕಿ, ಶಿವಮೊಗ್ಗ

ಒಂದು ಭಿನ್ನ ಮಾತು. ಎಲ್ಲವನ್ನೂ ಫ್ಲಿಪ್ ಮಾಡಬಾರದು. ಭಾಮಿನಿ ಷಟ್ಪದಿಯ ಒಂದು ಪದ್ಯವನ್ನು ‘ಮನೆಯಲ್ಲಿ ಓದಿ ಬನ್ನಿ’ ಎಂದರೆ ಮಗು ಓದುವುದಿಲ್ಲ, ಗೈಡ್ ತೆರೆದು ಸಾರಾಂಶ ಬರೆದುಕೊಂಡು ಬರುತ್ತದೆ. ಪದ್ಯದ ಲಯ ಕಿವಿಗೆ ಬೀಳುವ ಮೊದಲೇ ಅರ್ಥ ಎಂಬ ಒಣಗಿದ ಸಿಪ್ಪೆ ಕೈಗೆ ಬಂದಿರುತ್ತದೆ. ಆಮೇಲೆ ಎಷ್ಟು ಚೆನ್ನಾಗಿ ವಾಚನ ಮಾಡಿದರೂ ಆ ಮಗುವಿಗೆ ಅದು ಮುಗಿದ ಕಥೆ. ಮೊದಲ ಸಲ ಪದ್ಯ ಕೇಳುವುದು ತರಗತಿಯಲ್ಲಿ, ಎಲ್ಲರೂ ಒಟ್ಟಿಗೆ ಆಗಬೇಕು. ನಾನು ಗಮಕದ ಧಾಟಿಯಲ್ಲಿ ಎರಡು ಸಲ ಓದುತ್ತೇನೆ. ಆಮೇಲೆ ಪದ ಬಿಡಿಸುವುದು, ಅನ್ವಯ ಮಾಡುವುದು ಮನೆಗೆ. ಮರುದಿನ ಬಂದು ವಾದ: ಪದ್ಯದಲ್ಲಿ ಕರ್ಣ ಆ ಮಾತನ್ನು ಯಾಕೆ ಆಡಿದ, ಆಡದೆ ಇರಬಹುದಿತ್ತೇ? ಗದ್ಯ ಪಾಠಕ್ಕೆ ಮಾತ್ರ ಓದಿ ಬನ್ನಿ ಎನ್ನುವುದು ಸರಿಹೊಂದುತ್ತದೆ.

ಪಿಯು ಫಿಸಿಕ್ಸ್, ಹಾಸನ

ಮೇಡಂ, ನಿಮ್ಮ ಮಾತು ವಿಜ್ಞಾನಕ್ಕೂ ಹೊಂದುತ್ತದೆ. ಕೆಲವು ಪಾಠಗಳಲ್ಲಿ ನಾನು ಮೊದಲು ಓದಲು ಹೇಳುವುದಿಲ್ಲ. ಮನು ಕಪೂರ್ ಎಂಬ ಸಂಶೋಧಕರು 2008ರಿಂದ ಇದರ ಮೇಲೆ ಕೆಲಸ ಮಾಡಿದ್ದಾರೆ. ಕಲಿಸುವ ಮೊದಲೇ ಸಮಸ್ಯೆ ಕೊಟ್ಟು ಮಕ್ಕಳು ಒದ್ದಾಡಿದರೆ, ಆಮೇಲೆ ಬರುವ ವಿವರಣೆ ಆಳಕ್ಕೆ ಇಳಿಯುತ್ತದೆ ಎಂದು ಅವರು ತೋರಿಸಿದರು.

ನನ್ನ ತರಗತಿಯ ಒಂದು ದಿನವನ್ನು ವಿವರವಾಗಿ ಹೇಳುತ್ತೇನೆ. ಪಾಠ, ಉಷ್ಣ ವ್ಯಾಕೋಚನ. ಪ್ರಶ್ನೆ ಮಜೂರ್ ಅವರದ್ದೇ: ಮಧ್ಯೆ ತೂತಿರುವ ಲೋಹದ ತಗಡನ್ನು ಕಾಯಿಸಿದರೆ ತೂತು ದೊಡ್ಡದಾಗುತ್ತದೆಯೇ, ಚಿಕ್ಕದಾಗುತ್ತದೆಯೇ, ಹಾಗೇ ಇರುತ್ತದೆಯೇ? ಬೆರಳು ಎದೆಗೆ ಒತ್ತಿ ತೋರಿಸಬೇಕು, ಪಕ್ಕದವರಿಗೆ ಕಾಣಬಾರದು. ಹೆಚ್ಚಿನವರು ಚಿಕ್ಕದಾಗುತ್ತದೆ ಎಂದರು. ಲೋಹ ಹಿಗ್ಗಿದರೆ ಒಳಗಡೆಗೂ ಹಿಗ್ಗಬೇಕಲ್ಲ ಎಂಬುದು ಅವರ ತರ್ಕ. ತಪ್ಪು, ಆದರೆ ಯೋಚಿಸಿ ಮಾಡಿದ ತಪ್ಪು. ಈಗ ಪಕ್ಕದವರ ಜೊತೆ ಮಾತಾಡಿ ಎಂದೆ. ಕೋಣೆಯೆಲ್ಲ ಗದ್ದಲ. ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗ ಪಕ್ಕದವನಿಗೆ ಹೇಳುತ್ತಿದ್ದ: ‘ಗಾಡಿ ಗಾಲಿಗೆ ಕಬ್ಬಿಣದ ಪಟ್ಟಿ ಹಾಕುವುದು ನೋಡಿಲ್ವಾ? ಬೆಂಕಿಯಲ್ಲಿ ಕಾಯಿಸಿ ಹಾಕುತ್ತಾರೆ. ಕಾದಾಗ ಪಟ್ಟಿ ದೊಡ್ಡದಾದರೇ ತಾನೇ ಮರದ ಗಾಲಿ ಒಳಗೆ ಹೋಗುವುದು? ಆಮೇಲೆ ನೀರು ಹಾಕಿದರೆ ಬಿಗಿಯುತ್ತದೆ.’ ಆ ಹುಡುಗ ವರ್ಷದಲ್ಲಿ ಅಲ್ಲಿಯವರೆಗೆ ಬಾಯಿಬಿಟ್ಟವನಲ್ಲ. ಅವನನ್ನೇ ಬೋರ್ಡ್ ಹತ್ತಿರ ಕರೆದೆ. ಎರಡನೇ ಸಲ ಬೆರಳು ಎತ್ತಿದಾಗ ಹೆಚ್ಚುಕಡಿಮೆ ಇಡೀ ತರಗತಿ ಸರಿ ಉತ್ತರಕ್ಕೆ ಬಂದಿತ್ತು.

ಆಮೇಲೆ ಪುಸ್ತಕ ತೆಗೆದೆವು. ಅದರಲ್ಲಿ ಇದೇ ಲೆಕ್ಕ ಇದೆ. 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಾಲಿಯ ವ್ಯಾಸ 5.243 ಮೀಟರ್, ಕಬ್ಬಿಣದ ಬಳೆಯ ವ್ಯಾಸ 5.231 ಮೀಟರ್. ಎಷ್ಟು ಡಿಗ್ರಿಗೆ ಕಾಯಿಸಬೇಕು? ಉತ್ತರ 218. ಎಲ್ಲರೂ ಮಾಡಿದರು. ಆಗ ಅದೇ ಹುಡುಗ ಎದ್ದು ನಿಂತು, ‘ಸರ್, ಐದು ಮೀಟರ್ ಗಾಲಿ ಎಲ್ಲಿರುತ್ತದೆ? ನಮ್ಮ ಗಾಡಿ ಗಾಲಿ ನನ್ನ ಎದೆಮಟ್ಟ’ ಎಂದ. ನಾನು ಈ ಲೆಕ್ಕವನ್ನು ಹಿಂದೆ ಬೋರ್ಡ್ ಮೇಲೆ ಬಿಡಿಸಿದಾಗ ಯಾರೂ ಇದನ್ನು ಕೇಳಿರಲಿಲ್ಲ. ಹಾಗಾದರೆ ನಿಮ್ಮ ಮನೆ ಗಾಲಿಗೆ ಲೆಕ್ಕ ಹಾಕಿ, ಉಷ್ಣತೆ ಬದಲಾಗುತ್ತದೆಯೇ ನೋಡಿ ಎಂದೆ. ಗಾಲಿ ಚಿಕ್ಕದಾದರೂ ಬಳೆ ಅದೇ ಪ್ರಮಾಣದಲ್ಲಿ ಕಿರಿದಾಗಿದ್ದರೆ ಅದೇ 218 ಬರುತ್ತದೆ ಎಂದು ಅವರೇ ಕಂಡುಕೊಂಡರು. ಉಳಿದ ಪೀರಿಯಡ್ ಅದರಲ್ಲೇ ಹೋಯಿತು. ಪೋರ್ಷನ್ ಸ್ವಲ್ಪ ಹಿಂದೆ ಬಿತ್ತು. ಬೀಳಲಿ.

ಪಿಯು ಕೆಮಿಸ್ಟ್ರಿ, ಉಡುಪಿ

ಪೋರ್ಷನ್ ಹಿಂದೆ ಬೀಳಲಿ ಎಂದು ಸುಲಭವಾಗಿ ಹೇಳಿದಿರಿ ಸರ್. ದ್ವಿತೀಯ ಪಿಯುನಲ್ಲಿ ಬೋರ್ಡ್ ಪರೀಕ್ಷೆ, ಸಿಇಟಿ, ನೀಟ್ ಎಲ್ಲ ತಲೆ ಮೇಲೆ ಇರುತ್ತವೆ. ಡಿಸೆಂಬರ್ ಒಳಗೆ ಮುಗಿಸಿ ಎಂಬ ಒತ್ತಡ. ಅಲ್ಲಿ ಹೇಗೆ?

ಪಿಯು ಫಿಸಿಕ್ಸ್, ಹಾಸನ

ಒತ್ತಡ ನನಗೂ ಇದೆ ಸರ್. ದ್ವಿತೀಯ ಪಿಯುನಲ್ಲಿ ನಾನು ಪ್ರತಿ ಪಾಠಕ್ಕೆ ಹೀಗೆ ಮಾಡುವುದಿಲ್ಲ. ಎಲ್ಲಿ ಮಕ್ಕಳು ವರ್ಷ ವರ್ಷ ಎಡವುತ್ತಾರೋ ಆ ಜಾಗ ಆರಿಸಿಕೊಳ್ಳುತ್ತೇನೆ. ವಿದ್ಯುತ್ ಕ್ಷೇತ್ರಕ್ಕೂ ವಿಭವಕ್ಕೂ ಇರುವ ವ್ಯತ್ಯಾಸ, ಲೆಂಜ್ ನಿಯಮದಲ್ಲಿ ಪ್ರವಾಹದ ದಿಕ್ಕು, ಇಂಥವು. ಸೂತ್ರಗಳ ವ್ಯುತ್ಪತ್ತಿ (ಡೆರಿವೇಷನ್) ಬರೆದುಕೊಳ್ಳುವ ಕೆಲಸವನ್ನು ಮನೆಗೆ ಕಳಿಸುತ್ತೇನೆ, ಪುಸ್ತಕದಲ್ಲಿ ಅದು ಹೆಜ್ಜೆ ಹೆಜ್ಜೆಯಾಗಿ ಇದೆಯಲ್ಲ. ಬೋರ್ಡ್ ಮೇಲೆ ನಾನು ಬರೆದು ಅವರು ನಕಲು ಮಾಡುವ ಸಮಯ ಉಳಿಯುತ್ತದೆ. ಆ ಉಳಿತಾಯವೇ ಪ್ರಶ್ನೆಗಳಿಗೆ ಬಂಡವಾಳ. ಸಿಇಟಿ, ನೀಟ್ ಕೂಡ ನಾಲ್ಕು ಆಯ್ಕೆಯ ಪ್ರಶ್ನೆಗಳೇ ತಾನೇ? ಯಾವ ಆಯ್ಕೆ ಯಾಕೆ ತಪ್ಪು ಎಂದು ಜಗಳಾಡಿದವರಿಗೆ ಅಲ್ಲೂ ಉಪಯೋಗ ಆಗುತ್ತದೆ.

ಹೈಸ್ಕೂಲ್ ವಿಜ್ಞಾನ, ಚಿತ್ರದುರ್ಗ

ಓದಿ ಬರದವರನ್ನು ಏನು ಮಾಡುತ್ತೀರಿ? ನಮ್ಮಲ್ಲಿ ಅರ್ಧಕ್ಕರ್ಧ ಓದಿ ಬರುವುದಿಲ್ಲ. ಆಗ ಎಲ್ಲರೂ ಸೋತು, ‘ಸರಿ, ನಾನೇ ಹೇಳುತ್ತೇನೆ’ ಎಂದು ಪಾಠ ಶುರು ಮಾಡುತ್ತಾರೆ.

ಗಣಿತ ಮೇಡಂ, ಕೊಪ್ಪಳ

ಅಲ್ಲೇ ಎಲ್ಲ ಕುಸಿಯುವುದು ಸರ್. ಓದಿ ಬರದಿದ್ದರೂ ಮೇಡಂ ಪಾಠ ಮಾಡುತ್ತಾರೆ ಎಂದು ಗೊತ್ತಾದರೆ ಮರುದಿನ ಓದಿ ಬಂದವರೂ ಓದುವುದು ಬಿಡುತ್ತಾರೆ. ಓದಿ ಬನ್ನಿ ಎಂದ ದಿನ ನಾನು ಬೈಯುವುದಿಲ್ಲ, ಹೊರಗೆ ನಿಲ್ಲಿಸುವುದೂ ಇಲ್ಲ. ಓದಿ ಬರದವರು ಮೊದಲು ಹಿಂದೆ ಕೂತು ಓದುತ್ತಾರೆ, ಆಮೇಲೆ ಲೆಕ್ಕಕ್ಕೆ ಬರುತ್ತಾರೆ. ಲೆಕ್ಕದ ಗುಂಪಿನಲ್ಲಿ ಗಲಾಟೆ, ನಗು ಇರುತ್ತದೆ. ಅದನ್ನು ಕಳೆದುಕೊಳ್ಳಲು ಯಾರಿಗೂ ಇಷ್ಟ ಇಲ್ಲ. ಮನೆಯಲ್ಲಿ ನಿಜವಾಗಿಯೂ ಓದಲು ಆಗದ ಮಕ್ಕಳೂ ಇದ್ದಾರೆ. ದನ ಕಟ್ಟಬೇಕು, ತಮ್ಮನನ್ನು ನೋಡಿಕೊಳ್ಳಬೇಕು. ಅವರಿಗೆ ಬಿಸಿಯೂಟ ಆದ ಮೇಲೆ ಹತ್ತು ನಿಮಿಷ ಲೈಬ್ರರಿ ಕೋಣೆ ತೆಗೆದಿಡುತ್ತೇನೆ. ಯಾರು ಯಾಕೆ ಬರುತ್ತಾರೆ ಎಂದು ಯಾರೂ ಕೇಳುವುದಿಲ್ಲ.

ಬಿಇ ಎರಡನೇ ವರ್ಷ

ಕನ್ನಡ ಮಾಧ್ಯಮದಿಂದ ಬಂದವರಿಗೆ ಒಂದು ಮಾತು ಸೇರಿಸುತ್ತೇನೆ. ನಾನೂ ಅಲ್ಲಿಂದಲೇ ಬಂದವಳು. ಪಿಯುನಲ್ಲಿ ಇಂಗ್ಲಿಷ್ ವಿಡಿಯೊ ಕೊಟ್ಟಾಗ ನಿಲ್ಲಿಸಿ, ಹಿಂದೆ ಹೋಗಿ, ಮತ್ತೆ ಕೇಳುವ ಅವಕಾಶ ಇತ್ತು. ತರಗತಿಯಲ್ಲಿ ಅದು ಇರಲಿಲ್ಲ. ನನಗೆ ಅದು ದೊಡ್ಡ ಸಹಾಯ ಆಯಿತು. ಖಾನ್ ಅಕಾಡೆಮಿಯಲ್ಲಿ ಕನ್ನಡದ ವಿಡಿಯೊಗಳೂ ಇವೆ. ಪಠ್ಯಪುಸ್ತಕದ ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿದರೆ ಸರ್ಕಾರದ ದೀಕ್ಷಾ ಆ್ಯಪ್‌ನಲ್ಲೂ ಸಿಗುತ್ತವೆ. ಫೋನ್ ಸಿಗುವವರಿಗೆ ಇವು ಬೇಕು. ವಿಡಿಯೊ ಪೂರ್ತಿ ಬೇಡ ಎನ್ನಬೇಡಿ ಸರ್.

ಪಿಯು ಫಿಸಿಕ್ಸ್, ಹಾಸನ

ಖಂಡಿತ ಬೇಡ ಎನ್ನುವುದಿಲ್ಲಮ್ಮ. ನೀನು ಹೇಳಿದ ‘ನಿಲ್ಲಿಸಿ ಹಿಂದೆ ಹೋಗುವುದು’ ಪುಸ್ತಕದಲ್ಲೂ ಆಗುತ್ತದೆ, ಆದರೆ ಉಚ್ಚಾರಣೆ, ದನಿ ವಿಡಿಯೊದಲ್ಲೇ ಸಿಗುವುದು. ಲೆಸನ್ ಚೀಟಿಯ ಕೆಳಗೆ ಇನ್ನು ಮೇಲೆ ಕನ್ನಡದ ಒಂದು ವಿಡಿಯೊ ಕೊಂಡಿ ಹಾಕುತ್ತೇನೆ. ನೋಡಲೇಬೇಕು ಎಂದಿಲ್ಲ, ಬೇಕಾದವರಿಗೆ.

ನಿವೃತ್ತ ಶಿಕ್ಷಕ, ಎಚ್.ಡಿ. ಕೋಟೆ

ನಮ್ಮ ಕ್ಲಸ್ಟರಿನ ಸಮಾಲೋಚನಾ ಸಭೆಗೆ ನನ್ನನ್ನು ಈಗಲೂ ಕರೆಯುತ್ತಾರೆ. ಕೊಪ್ಪಳದ ಮೇಡಂ ಅವರ ಬೇಲಿ ಕಂಬದ ಚಟುವಟಿಕೆ, ಹಾಸನದ ಮೇಷ್ಟ್ರ ತಗಡಿನ ಪ್ರಶ್ನೆ, ಎರಡನ್ನೂ ಒಂದೊಂದು ಪುಟಕ್ಕೆ ಬರೆದು ಇಲ್ಲಿ ಹಾಕಿದರೆ ಪ್ರಿಂಟ್ ತೆಗೆಸಿ ಹಂಚುತ್ತೇನೆ. ಮಕ್ಕಳು ಏನೇನು ತಪ್ಪು ಉತ್ತರ ಕೊಟ್ಟರು ಎಂಬುದನ್ನು ಬಿಡಬೇಡಿ. ಹೊಸ ಶಿಕ್ಷಕರಿಗೆ ಸರಿ ಉತ್ತರಕ್ಕಿಂತ ಅದು ಜಾಸ್ತಿ ಬೇಕು.

ಗಣಿತ ಮೇಡಂ, ಕೊಪ್ಪಳ

ಭಾನುವಾರ ಹಾಕುತ್ತೇನೆ ಸರ್. ಶ್ರೇಢಿಯ ಜೊತೆಗೆ ಥೇಲ್ಸ್ ಪ್ರಮೇಯದ್ದೂ ಒಂದಿದೆ, ಆದರೆ ಅದರ ಮೂರನೇ ಪ್ರಶ್ನೆ ನನಗೆ ಇನ್ನೂ ತೃಪ್ತಿ ಕೊಟ್ಟಿಲ್ಲ. ಎಲ್ಲರೂ ಸರಿ ಹೇಳಿಬಿಡುತ್ತಾರೆ, ವಾದವೇ ಹುಟ್ಟುವುದಿಲ್ಲ. ಯಾರಾದರೂ ನೋಡಿ ಸ್ವಲ್ಪ ಬಿಗಿ ಮಾಡಿಕೊಡಿ.